ಹಗಲಿನ ಪಾಳಿ

ನಾನು ಮೂಡಲಗಿಯ ಒಂದು ವಿದ್ಯುತ್ ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತೇನೆ. ಮನೆ ಇರುವುದು ಗೋಕಾಕ ತಾಲೂಕಿನ ಮಮದಾಪುರದಲ್ಲಿ. ದಿನಾ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಈ ಬಸ್ಸುಗಳಲ್ಲಿ ನನಗೆ ಸಿಕ್ಕಷ್ಟು ಬೈಗುಳ ನಮ್ಮ ಸಾಹೇಬರಿಗೂ ಸಿಕ್ಕಿರಲಿಕ್ಕಿಲ್ಲ, ಅವರು ಜೀಪಿನಲ್ಲಿ ಓಡಾಡುತ್ತಾರೆ. ಅರಭಾವಿಯಲ್ಲಿ ಹತ್ತುವ ತೋಟಗಾರಿಕೆ ಕಾಲೇಜಿನ ಹುಡುಗರಿಂದ ಹಿಡಿದು ಸಂತೆಗೆ ಹೊರಟ ಮುದುಕಿಯರ ತನಕ ಎಲ್ಲರಿಗೂ ನನ್ನ ಮುಖ ಕಂಡ ಕೂಡಲೇ ಕರೆಂಟಿನ ನೆನಪಾಗುತ್ತದೆ. ನಿನ್ನೆ ಯಾಕೆ ಹೋಯಿತು, ಇವತ್ತು ಯಾವಾಗ ಬರುತ್ತದೆ, ಗಿರಣಿಗೆ ವೋಲ್ಟೇಜ್ ಯಾಕೆ ಸಾಲುವುದಿಲ್ಲ. ನಾನೇನು ಕರೆಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತೇನೆಯೇ ಎಂದು ಒಮ್ಮೆ ಬಸ್ಸಿನಲ್ಲೇ ಹರಿಹಾಯ್ದಿದ್ದೆ. ಅಂದಿನಿಂದ ಕಂಡಕ್ಟರ್ ಕೂಡ ನನಗೆ ಕರೆಂಟ್ ಅಕ್ಕೋರು ಎಂದೇ ಅನ್ನುತ್ತಾನೆ.

ನಮ್ಮ ಮನೆಯವರು ಒಕ್ಕಲುತನದವರು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ನೋಡಿದ್ದು ಒಂದೇ, ಊರೆಲ್ಲ ಮಲಗುವ ಹೊತ್ತಿಗೆ ಅವರು ಹೆಗಲಿಗೆ ಸಲಿಕೆ ಹಾಕಿಕೊಂಡು ಹೊಲಕ್ಕೆ ಹೊರಡುವುದು. ಪಂಪಿಗೆ ಬೇಕಾಗುವ ತ್ರೀ ಫೇಸ್ ಕರೆಂಟ್ ನಮ್ಮ ಕಡೆ ಬರುತ್ತಿದ್ದದ್ದೇ ರಾತ್ರಿ. ಹಗಲಿನದೆಲ್ಲ ಊರಿಗೆ, ಪೇಟೆಗೆ, ಕಾರ್ಖಾನೆಗೆ. ಒಕ್ಕಲಿಗನ ಪಂಪಿಗೆ ಬಿಲ್ಲಿಲ್ಲ ನೋಡಿ, ಬಿಲ್ಲಿಲ್ಲದ ಕರೆಂಟಿಗೆ ಇಂಥ ಹೊತ್ತೇ ಬೇಕು ಎಂದು ಕೇಳುವ ಬಾಯಿಯೂ ಇಲ್ಲ. ದುಡ್ಡು ಕೊಡುತ್ತಿರಲಿಲ್ಲ ನಿಜ, ಅದರ ಬದಲಿಗೆ ನಿದ್ದೆ ಕೊಡುತ್ತಿದ್ದರು. ಅದನ್ನು ಯಾವ ಸರಕಾರವೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಇಂಥ ಹೊತ್ತಿಗೆ ಬರುತ್ತದೆ ಎಂಬ ಭರವಸೆ ಇಲ್ಲದ್ದರಿಂದ ಎಲ್ಲರೂ ಸ್ಟಾರ್ಟರ್ ಡಬ್ಬಿಯಲ್ಲಿ ಆಟೋ ಕೂಡಿಸಿಕೊಂಡಿದ್ದರು. ಅದೊಂದು ಸಣ್ಣ ಸಾಮಾನು. ಕರೆಂಟ್ ಬಂದ ಕೂಡಲೇ ಪಂಪು ತಾನೇ ಚಾಲೂ ಆಗುತ್ತದೆ, ಯಾರೂ ಹೋಗಿ ಗುಂಡಿ ಒತ್ತಬೇಕಿಲ್ಲ. ಆದರೆ ಆಟೋ ನೀರನ್ನು ಎತ್ತುತ್ತದೆಯೇ ಹೊರತು ಸಾಲಿನಿಂದ ಸಾಲಿಗೆ ತಿರುಗಿಸುವುದಿಲ್ಲ. ಅದಕ್ಕೆ ಮನುಷ್ಯನೇ ಬೇಕು, ಕಣ್ಣೂ ಬೇಕು.

ನಮ್ಮ ಮನೆಯವರ ಕಣ್ಣಿನ ಸುದ್ದಿ ನನಗೆ ಮೊದಲು ಗೊತ್ತಾದದ್ದು ಹೊಸ್ತಿಲಲ್ಲಿ. ದೀಪ ಹೋಗಿತ್ತು. ನಲವತ್ತು ವರ್ಷ ದಾಟಿದ ತಮ್ಮದೇ ಮನೆಯ ಹೊಸ್ತಿಲನ್ನು ಅವರು ಕಾಲಿನಿಂದ ತಡಕಾಡುತ್ತಿದ್ದರು. ಏನು ಹುಡುಕುತ್ತೀರಿ ಎಂದರೆ ಚಪ್ಪಲಿ ಎಂದರು. ಚಪ್ಪಲಿ ಕಾಲಲ್ಲೇ ಇತ್ತು. ಬೈದು, ಬೇಡಿಕೊಂಡು, ಕೊನೆಗೆ ಊಟ ಬಿಟ್ಟು ಗೋಕಾಕದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಗಲಿನ ದೃಷ್ಟಿಗೆ ಸದ್ಯ ಏನೂ ಆಗುವುದಿಲ್ಲ, ಕತ್ತಲಲ್ಲಿ ಮಾತ್ರ ಇನ್ನು ಕಾಣುವುದಿಲ್ಲ, ಇದಕ್ಕೆ ಔಷಧವೂ ಇಲ್ಲ ಆಪರೇಷನ್ನೂ ಇಲ್ಲ ಎಂದರು ಡಾಕ್ಟರು. ಕೈಯಲ್ಲಿ ಬ್ಯಾಟರಿ ಇದ್ದರೆ ಅದರ ಬೆಳಕು ಬಿದ್ದ ತಟ್ಟೆಯಷ್ಟು ಜಾಗ ಕಾಣುತ್ತದೆ, ಬಾಜೂಕೆ ತಗ್ಗಿದ್ದರೆ ಕಾಣುವುದಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುತ್ತ ನಮ್ಮ ಮನೆಯವರು ಹೇಳಿದ್ದು ಇಷ್ಟೇ.

"ಇದು ನನಗ ಗೊತ್ತು, ನಿನಗ ಗೊತ್ತು. ಮೂರನೇದವರಿಗೆ ಗೊತ್ತಾತು ಅಂದ್ರ ನಾಳೆನs ಬರ್ತಾರ, ಹೊಲ ಲಾವಣಿಗೆ ಕೊಡ್ರಿ ಅಂತ. ಹೊಲ ಕೊಟ್ಟ ದಿವಸ ನಾ ಇದ್ದೂ ಸತ್ತಂಗ."

ಲಾವಣಿ ಎಂದರೆ ಹೊಲವನ್ನು ಗುತ್ತಿಗೆಗೆ ಕೊಡುವುದು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನೀರು ಹಾಯಿಸಲಾಗದವನ ಹೊಲದ ಮೇಲೆ ಊರಿನ ಕಣ್ಣು ಬೇಗ ಬೀಳುತ್ತದೆ. ನಾನು ಬಾಯಿ ಮುಚ್ಚಿಕೊಂಡೆ. ಒಂದು ಹಂಗಾಮು ನಾನೇ ಅವರ ಜೊತೆ ರಾತ್ರಿ ಹೊಲಕ್ಕೆ ಹೋದೆ, ಹಗಲು ಕಚೇರಿಯಲ್ಲಿ ತೂಕಡಿಸಿ ಸಾಹೇಬರಿಂದ ಬೈಸಿಕೊಂಡೆ. ಲಗ್ನಕ್ಕೋ ಅಂಗಡಿಗೋ ಹೋಗಿ ಬರುವಾಗ ಕತ್ತಲಾದರೆ ನಾನು ಮುಂದೆ, ಅವರು ಹಿಂದೆ. ಕೈ ಹಿಡಿದರೆ ಮಂದಿಗೆ ತಿಳಿಯುತ್ತದಲ್ಲ, ಅದಕ್ಕೆ ನಾನು ಬಳೆ ಬಾರಿಸುತ್ತ ನಡೆಯುವುದು, ಅವರು ಆ ಸಪ್ಪಳದ ಹಿಂದೆ ಬರುವುದು. ಮೊಳಕೈ ತನಕ ಗಾಜಿನ ಬಳೆ ಇಟ್ಟುಕೊಳ್ಳುತ್ತಿದ್ದೆ. ಕಚೇರಿಯ ಹೆಂಗಸರು ಈ ವಯಸ್ಸಿನಲ್ಲಿ ನಿಮಗೇನು ಹೊಸ ಮದುವೆಯೇ ಎಂದು ಚೇಷ್ಟೆ ಮಾಡುತ್ತಿದ್ದರು. ಹೌದು, ಪತ್ರಿಕೆ ಕಳಿಸುತ್ತೇನೆ ಬನ್ನಿ ಎನ್ನುತ್ತಿದ್ದೆ.

ಹೀಗಿರುವಾಗ ನಮ್ಮ ಸಬ್‌ಸ್ಟೇಷನ್ನಿನ ಬಾಜೂಕೆ ಸೋಲಾರ್ ಪ್ಲಾಂಟ್ ಬರುತ್ತದೆ, ಪಂಪುಗಳಿಗೆ ಹಗಲು ಕರೆಂಟ್ ಕೊಡುತ್ತಾರೆ ಎಂಬ ಸುದ್ದಿ ಬಂತು. ಕಚೇರಿಯಲ್ಲಿ ಈ ಮಾತು ಮೊದಲು ಕೇಳಿದಾಗ ನಾನು ಚಹಾದ ಬಟ್ಟಲು ಕೆಳಗಿಟ್ಟು ಮತ್ತೊಮ್ಮೆ ಹೇಳ್ರಿ ಎಂದೆ. ಸಾಹೇಬರು ಬಿಡಿಸಿ ಹೇಳಿದರು. ಈಗ ಕರೆಂಟಿಗೂ ಪೇಟೆಯಾಗಿದೆ, ತಾಸಿಗೊಂದು ದರ ನಡೆಯುತ್ತದೆ. ನೆತ್ತಿಯ ಮೇಲೆ ಸೂರ್ಯ ಇರುವಾಗ ಎಲ್ಲ ಕಡೆಯ ಸೋಲಾರು ಒಮ್ಮೆಲೇ ಕರೆಂಟ್ ಹುಟ್ಟಿಸುತ್ತದೆ, ಆಗ ಅಗ್ಗ. ಸೂರ್ಯ ಮುಳುಗಿ ಮನೆಮನೆಯಲ್ಲಿ ದೀಪ, ಟಿವಿ, ಮಿಕ್ಸರ್ ಹಚ್ಚುವಾಗ ಅದೇ ಕರೆಂಟ್ ತುಟ್ಟಿ. ಕೂಡಿಡೋಣ ಎಂದರೆ ಅಷ್ಟು ದೊಡ್ಡ ಬ್ಯಾಟರಿ ಎಲ್ಲಿಂದ ತರುವುದು. ಹಾಗಾಗಿ ಪಂಪುಗಳನ್ನು ಹಗಲಿಗೆ ತಿರುಗಿಸಿದರೆ ಎಲ್ಲರಿಗೂ ಲಾಭ.

ಬಸ್ಸಿನಲ್ಲಿ ನಾನು ಇದನ್ನೇ ಗೋಕಾಕದ ಕಾಯಿಪಲ್ಲೆ ಪೇಟೆಗೆ ಹೋಲಿಸಿ ಹೇಳಿದೆ. ಎಲ್ಲರ ಟೊಮೆಟೊ ಒಂದೇ ಮುಂಜಾನೆ ಬಂದು ಬಿದ್ದರೆ ಕೇಳುವವರಿಲ್ಲ, ಸಂಜೆ ಪೇಟೆ ಖಾಲಿಯಾದ ಮೇಲೆ ಅದೇ ಟೊಮೆಟೊಕ್ಕೆ ಬೆಲೆ, ಕರೆಂಟಿನದೂ ಹಾಗೇ ಆಗಿದೆ ಎಂದೆ. ಹೆಂಗಸರಿಗೆ ತಟ್ಟನೆ ತಿಳಿಯಿತು. ಗಂಡಸರು ಮಾತ್ರ, ಹೇಳಿದ ಹೊತ್ತಿಗೆ ಕರೆಂಟ್ ಬಂದದ್ದನ್ನು ನಮ್ಮ ಅಜ್ಜನೂ ನೋಡಿಲ್ಲ ಬಿಡ್ರಿ ಅಕ್ಕೋರೇ ಎಂದು ನಕ್ಕರು. ಬಂದೇ ಬರುತ್ತದೆ, ನಾನು ಹೇಳುತ್ತೇನೆ ಎಂದು ನಾನೂ ಪಟ್ಟು ಹಿಡಿದೆ. ನನ್ನ ಪಟ್ಟಿಗೆ ಕಾರಣ ಬೇರೆಯೇ ಇತ್ತು, ಅದನ್ನು ಅವರಿಗೆ ಹೇಳುವಂತಿರಲಿಲ್ಲ.

ಪ್ಲಾಂಟು ಅರ್ಧ ಎದ್ದಿತು. ಉಳಿದರ್ಧದ ಜಾಗ ದನ ಮೇಯಿಸುವ ಮಾಳ. ದನ ಎಲ್ಲಿಗೆ ಹೊಡೆಯೋಣ ಎಂದು ದನದವರು ಅಡ್ಡ ನಿಂತರು. ಅವರದೂ ತಪ್ಪೆನ್ನಲಾರೆ. ಆ ತಕರಾರು ಇನ್ನೂ ಮುಗಿದಿಲ್ಲ. ಅರ್ಧ ಪ್ಲಾಂಟಿಗೆ ಅರ್ಧ ಹಗಲು ಎಂದು ಕಚೇರಿಯವರು ಗೊತ್ತು ಮಾಡಿದರು. ಹತ್ತು ಗಂಟೆಯಿಂದ ನಾಲ್ಕು ತಾಸು ಬಿಸಿಲಿನ ಕರೆಂಟು, ಬಾಕಿಯದು ಎಂದಿನಂತೆ ರಾತ್ರಿ. ನಮ್ಮ ಮನೆಯವರಿಗೆ ಆ ನಾಲ್ಕು ತಾಸು ಸಾಕಿತ್ತು. ಗೋವಿನಜೋಳ ತೆನೆ ಹಿಡಿಯುವ ಹೊತ್ತು, ಹಿಂದಿನ ಹದಿನೈದು ದಿನದಿಂದ ಅರೆಬರೆ ನೀರಿನಲ್ಲಿತ್ತು. ಈ ಹಗಲಿನ ಕರೆಂಟ್ ನಡೆದರೆ ಹೊಲ ನಮ್ಮ ಕೈಯಲ್ಲಿ ಉಳಿಯುತ್ತದೆ, ನಡೆಯದಿದ್ದರೆ ಬರುವ ಹಂಗಾಮಿಗೆ ಲಾವಣಿಯೇ. ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಗಲಿನ ಕರೆಂಟ್ ಶುರುವಾಗುವ ದಿನ ಮುಂಜಾನೆ ಎಂಟಕ್ಕೇ ಹೊಸ ಬನಿಯನ್ ಹಾಕಿಕೊಂಡು ಹೊಲಕ್ಕೆ ಹೋಗಿ ಕೂತಿದ್ದರು.

ನಾನು ರಜೆ ಹಾಕಿ ಬುತ್ತಿ ಕಟ್ಟಿಕೊಂಡು ಹಿಂದೆ ಹೋದೆ. ಸರಿಯಾಗಿ ಹತ್ತು ಗಂಟೆಗೆ ಕರೆಂಟ್ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ನಮ್ಮ ಪೈಪಿನ ಬಾಯಿಯಿಂದ ನೀರು ಧುಮುಕಿತು. ಮೇಲಿನ ಹೊಲದ್ದು ಧುಮುಕಿತು, ಕೆಳಗಿನದೂ ಧುಮುಕಿತು. ನಮ್ಮ ಟಿಸಿಯ ಮೇಲಿದ್ದ ಎಲ್ಲ ಪಂಪುಗಳೂ ಒಂದೇ ಉಸಿರಿಗೆ ಚಾಲೂ ಆದವು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್, ನಮ್ಮ ಹೊಲದ ಮೂಲೆಯಲ್ಲೇ ಕಂಬದ ಮೇಲೆ ಕೂತಿದೆ. ಅದು ಮೊದಲು ಗುಂಯ್ ಎಂದಿತು, ಆಮೇಲೆ ನಡುಗಿತು. ಫ್ಯೂಜ್ ಹೋಗಿ ಉಳಿಯಬೇಕಿತ್ತು, ಆದರೆ ಮೇಲಿಂದ ಮೇಲೆ ಹೋಗುತ್ತದೆ ಎಂದು ಯಾರೋ ಪುಣ್ಯಾತ್ಮರು ಅಲ್ಲಿ ದಪ್ಪ ತಂತಿ ಸುತ್ತಿದ್ದರು. ಢಂ ಎಂದು ಸದ್ದಾಗಿ ಎಣ್ಣೆ ಸುರಿಯಿತು, ಕರಿ ಹೊಗೆ ಎದ್ದಿತು. ನೀರೆಲ್ಲ ಒಮ್ಮೆಲೇ ನಿಂತಿತು.

ಆದದ್ದೇನೆಂದರೆ, ಹತ್ತಕ್ಕೆ ಬರುತ್ತದೆ ಎಂಬ ಮಾತನ್ನು ಒಬ್ಬನೂ ನಂಬಿರಲಿಲ್ಲ. ಯಾವಾಗಲಾದರೂ ಬರಲಿ ಎಂದು ಹಿಂದಿನ ಸಂಜೆಯೇ ಎಲ್ಲರೂ ಆಟೋ ಹಾಕಿ ಬಂದಿದ್ದರು. ರಾತ್ರಿಯಾದರೆ ಅರ್ಧ ಮಂದಿ ನಿದ್ದೆಗೆ ಸೋತು ಪಂಪು ಬಂದ್ ಮಾಡಿ ಮಲಗುತ್ತಿದ್ದರು, ಟಿಸಿ ಹೇಗೋ ತಡೆಯುತ್ತಿತ್ತು. ಹಗಲು ಯಾರು ಬಿಡುತ್ತಾರೆ? ಇಷ್ಟು ವರ್ಷ ಹೊತ್ತು ತಪ್ಪಿ ಬರುತ್ತಿದ್ದ ಕರೆಂಟು ಸುಡದ ಟಿಸಿಯನ್ನು ಹೊತ್ತಿಗೆ ಸರಿಯಾಗಿ ಬಂದ ಕರೆಂಟು ಸುಟ್ಟಿತು.

ಬೈಗುಳ ನನಗೇ ಬಂತು, ಇನ್ನಾರಿಗೆ ಬರಬೇಕು. ಸೋಲಾರ್ ಕರೆಂಟಿಗೆ ಬಿರುಸು ಜಾಸ್ತಿಯಂತೆ, ಅದಕ್ಕೇ ಸುಟ್ಟಿತಂತೆ ಎಂದು ಒಬ್ಬ. ಕಂಪನಿಯವರು ಅಗ್ಗದ ಕರೆಂಟನ್ನು ನಮ್ಮ ತಲೆಗೆ ಕಟ್ಟಿದರು ಎಂದು ಇನ್ನೊಬ್ಬ. ಆಟೋ ತೆಗೆಯದ ನಿಮ್ಮ ಕೈಗೆ ಬಿರುಸು ಜಾಸ್ತಿ ಎಂದು ನಾನೂ ತಿರುಗಿ ಬೈದೆ. ನಮ್ಮ ಮನೆಯವರು ಮಾತ್ರ ನಿಂತ ನೀರನ್ನು ನೋಡುತ್ತ ಕೂತಿದ್ದರು. ನನಗೆ ಅಳು ಬಂತು, ಬುತ್ತಿ ಬಿಚ್ಚದೆ ಮನೆಗೆ ತಂದೆ.

ಬೇರೆ ಟಿಸಿ ಬರಲು ವಾರದ ಮೇಲಾಯಿತು. ಕೂಡಿಸಿದ ಲೈನ್‌ಮನ್ ಕಂಬದಿಂದ ಇಳಿದು ಎಲ್ಲರನ್ನೂ ಅಲ್ಲೇ ಕೂಡಿಸಿ, ಒಂದು ಸಲಕ್ಕೆ ಅರ್ಧ ಪಂಪು ನಡೆಸಿದರೆ ಇದು ಬಾಳುತ್ತದೆ, ಎಲ್ಲ ಕೂಡಿ ಹಚ್ಚಿದರೆ ಇದೂ ಅದರ ದಾರಿ ಹಿಡಿಯುತ್ತದೆ, ದೊಡ್ಡದು ಬರಲು ಇನ್ನೂ ದಿನ ಬೇಕು ಎಂದ. ಯಾರ ಅರ್ಧ, ಯಾವ ಅರ್ಧ ಎಂದು ಜಗಳ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಕೂಗಾಡಿ ದಣಿದರು.

ಆಗ ನಾನು ನನ್ನ ತವರಿನ ಪಾಳಿಯ ಮಾತು ತೆಗೆದೆ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ ನನ್ನ ತವರು. ಅಲ್ಲಿ ನಮ್ಮ ಅಪ್ಪನದೂ ಸೇರಿ ನಾಲ್ಕು ಮನೆಗಳಿಗೆ ಒಂದೇ ಬಾವಿ ಇತ್ತು. ನೀರು ಪಾಳಿಯ ಮೇಲೆ ನಡೆಯುತ್ತಿತ್ತು. ಬಾವಿಯಿಂದ ದೂರ ಇದ್ದವರದು ಮೊದಲ ಪಾಳಿ, ಹತ್ತಿರದವರದು ಆಮೇಲೆ. ಪಾಳಿ ತಪ್ಪಿಸಿ ನೀರು ತೆಗೆದವನನ್ನು ಉಳಿದ ಮೂರೂ ಮನೆಯವರು ಮಾತಾಡಿಸುತ್ತಿರಲಿಲ್ಲ. ಜಡ್ಡೋ ಜಾಪತ್ರೆಯೋ ಬಂದರೆ ಪಾಳಿ ಬದಲು ಮಾಡಿಕೊಳ್ಳಬಹುದಿತ್ತು, ಆದರೆ ಬದಲು ಬೇಕಾದ ಯಜಮಾನ ತಾನೇ ಬಂದು ಬಾಯಿಬಿಟ್ಟು ಕೇಳಬೇಕು. ಹೆಂಡತಿಯ ಕೈಲಿ, ಮಕ್ಕಳ ಕೈಲಿ ಹೇಳಿ ಕಳಿಸುವಂತಿರಲಿಲ್ಲ. ಕೇಳಿದರೆ ಇಲ್ಲ ಎನ್ನುವಂತೆಯೂ ಇರಲಿಲ್ಲ. ಆ ಬಾವಿಯ ಮೇಲೆ ಪೊಲೀಸರು ಬಂದದ್ದಾಗಲಿ, ತಲೆ ಒಡೆದದ್ದಾಗಲಿ ನಾನು ಕಂಡಿಲ್ಲ ಎಂದು ಹೇಳಿದೆ.

ಎಲ್ಲರಿಗೂ ಒಪ್ಪಿಗೆಯಾಯಿತು. ಬಾವಿಯ ಜಾಗದಲ್ಲಿ ಟಿಸಿ. ಲೈನಿನ ದೂರದ ಅರ್ಧದವರು ಒಂದು ವಾರ ಹಗಲು ನೀರು ಹಾಯಿಸುವುದು, ಹತ್ತಿರದ ಅರ್ಧದವರು ಆ ವಾರ ರಾತ್ರಿ. ಮುಂದಿನ ವಾರ ಅದಲು ಬದಲು. ಎಲ್ಲರೂ ಆಟೋ ಕಿತ್ತು ಲೈನ್‌ಮನ್ನನ ಕೈಗೆ ಕೊಡುವುದು. ಅಕ್ಕೋರು ಕಡೆಗೂ ಒಂದು ಉಪಯೋಗದ ಮಾತು ಹೇಳಿದರು ಎಂದು ಒಬ್ಬರು ನಗಾಡಿದರು. ನಾನೂ ನಕ್ಕೆ. ನಗುತ್ತಿರುವಾಗಲೇ ನನಗೆ ನೆನಪಾಯಿತು. ಟಿಸಿ ಇರುವುದು ನಮ್ಮ ಹೊಲದಲ್ಲಿ. ಎಲ್ಲರಿಗಿಂತ ಹತ್ತಿರದವರು ನಾವು. ಈ ವಾರ ನಮಗೆ ರಾತ್ರಿ ಪಾಳಿ, ಆಮೇಲೂ ಒಂದು ಬಿಟ್ಟು ಒಂದು ವಾರ ರಾತ್ರಿ ಪಾಳಿ.

ನಮ್ಮ ಮನೆಯವರ ಮುಖ ನೋಡಿದೆ. ಅವರು ಆಗಲಿ ಎಂಬಂತೆ ತಲೆಯಾಡಿಸುತ್ತಿದ್ದರು. ಈ ಮನುಷ್ಯ ಮರ್ಯಾದೆಗೆ ಅಂಜಿ ರಾತ್ರಿ ಬೋರಿನ ತಗ್ಗಿನಲ್ಲಿ ಬಿದ್ದು ಹೆಣವಾಗುತ್ತಾನೆ ಎಂದು ನನಗೆ ಖಾತ್ರಿಯಾಯಿತು. ನಾಲಿಗೆ ತಡೆಯಲಿಲ್ಲ.

"ನಮಗ ರಾತ್ರಿ ಪಾಳಿ ಬ್ಯಾಡ್ರಿ. ಇವರಿಗೆ ಕತ್ತಲದಾಗ ಕಣ್ಣ ಕಾಣೂದಿಲ್ಲ. ಡಾಕ್ಟರು ಹೇಳ್ಯಾರ."

 ನಮ್ಮ ಮನೆಯವರು ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಮಂದಿಯ ನಡುವಿನಿಂದ ಎದ್ದು ನಿಂತವರು ಕಾಕಾ.

ಕಾಕಾ ಎಂದರೆ ನಮ್ಮ ಹೊಲದ ಕೆಳಗಿನ ಹೊಲದವರು. ಮುಸಲ್ಮಾನರು, ನಮ್ಮ ಮಾವನವರ ಗೆಳೆಯರು. ಅವರ ಹೊಲ ನಮ್ಮ ಒಡ್ಡಿನಿಂದ ಶುರುವಾಗಿ ಹಳ್ಳದ ತನಕ ಇಳಿಯುತ್ತದೆ. ಬೋರು ಹಳ್ಳದ ದಂಡೆಯಲ್ಲಿ, ಲೈನಿನ ಕಟ್ಟಕಡೆಗೆ. ರಮಜಾನಿಗೆ ಅವರ ಮನೆಯಿಂದ ಹಾಲು ಶಾವಿಗೆಯ ಸುರಕುಂಬಾ ಬರುವುದು, ದೀಪಾವಳಿಗೆ ನಮ್ಮ ಮನೆಯಿಂದ ಹೋಳಿಗೆ ಹೋಗುವುದು ಹಿರಿಯರ ಕಾಲದಿಂದ ನಡೆದಿತ್ತು. ನಡುವೆ ನೀರಿನ ಜಗಳ ಬಂತು. ನಿಮ್ಮ ನೀರು ಒಡ್ಡು ದಾಟಿ ಬಂದು ನಮ್ಮ ಅರಿಶಿಣದ ಗಡ್ಡೆ ಕೊಳೆಸುತ್ತಿದೆ ಎಂದು ಕಾಕಾ, ನಮ್ಮ ಒಡ್ಡು ಗಟ್ಟಿ ಇದೆ, ಅದು ನಿಮ್ಮದೇ ನೀರು ಎಂದು ನಮ್ಮ ಮನೆಯವರು. ಎರಡೂ ಪಂಪು ಒಂದೇ ರಾತ್ರಿ ಒಂದೇ ಹೊತ್ತಿಗೆ ನಡೆಯುತ್ತಿದ್ದಾಗ ಯಾರ ನೀರೆಂದು ಹೇಳುವವರಾರು? ಕತ್ತಲಲ್ಲಿ ನೀರಿಗೆ ಗುರುತು ಇರುವುದಿಲ್ಲ. ಮಾತಿಗೆ ಮಾತು ಬೆಳೆದು ನಮ್ಮ ಮನೆಯವರು ಕಾಕಾನಿಗೆ ಸುಳ್ಳುಗಾರ ಎಂದಿದ್ದರು. ಅಲ್ಲಿಗೆ ಸುರಕುಂಬಾವೂ ನಿಂತಿತು, ಹೋಳಿಗೆಯೂ ನಿಂತಿತು. ಆರು ವರ್ಷ ಎದುರಾದರೆ ಕಾಕಾ ಆಚೆ ದಾರಿ, ಇವರು ಈಚೆ ದಾರಿ.

ಆ ಕಾಕಾ ಎದ್ದು ನಿಂತು ಲೈನ್‌ಮನ್ನನ ಕಡೆ ನೋಡುತ್ತ ಹೇಳಿದರು.

"ನಾ ಹೆಂಗೂ ನಸುಕಿನ್ಯಾಗ ನಮಾಜಿಗೆ ಏಳಾವ. ಮನ್ಯಾಗ ಗಂಡುಮಕ್ಕಳೂ ಅದಾರ. ನಮ್ಮ ಹಗಲಿನ ಪಾಳಿ ಇವರಿಗೆ ಹಚ್ಚಿ, ಇವರ ರಾತ್ರಿ ನಮಗ ಹಚ್ರಿ."

ನನಗೆ ಎದ್ದು ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ನಮ್ಮ ಮನೆಯವರು ಧೋತರ ಝಾಡಿಸಿಕೊಂಡು ಎದ್ದರು. ಮಾತು ನನಗೆ, ಆದರೆ ಎಲ್ಲರಿಗೂ ಕೇಳುವಂತೆ.

"ಬದಲ ಬೇಕಾದಾವ ತಾನs ಬಾಯಿಬಿಟ್ಟ ಕೇಳಬೇಕು ಅಂತ ಈಗ ನೀನs ಹೇಳಿದಿ. ನಾ ಯಾರನ್ನೂ ಕೇಳಿಲ್ಲ."

ಹೇಳಿ ಹೊರಟೇಹೋದರು. ಪಾಳಿ ಮೊದಲು ಗೊತ್ತು ಮಾಡಿದಂತೆಯೇ ಉಳಿಯಿತು.

ಆ ವಾರ ನಮ್ಮ ಪಂಪು ನಡೆಯಲೇ ಇಲ್ಲ. ರಾತ್ರಿ ನಾನು ಹೋಗುತ್ತೇನೆ ಎಂದರೆ ಬಾಗಿಲಿಗೆ ಅಡ್ಡ ಹಾಸಿಕೊಂಡು ಮಲಗಿದರು. ಬೈದರೆ ತಿರುಗಿ ಬೈಯಲಿಲ್ಲ, ಅಡಿಗೆ ಮಾಡಿಟ್ಟರೆ ಉಂಡರು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಬೈಸಿಕೊಂಡು ಬಂದರೂ ಮನೆಯಲ್ಲಿ ಒಂದು ಮಾತು ಇರುತ್ತಿತ್ತು, ಈಗ ಅದೂ ಇಲ್ಲ. ಕಚೇರಿಯಲ್ಲಿ ಕೂತರೆ ಕಣ್ಣಿನ ಮುಂದೆ ಗೋವಿನಜೋಳದ ಎಲೆ ಸುರುಳಿ ಸುತ್ತುತ್ತಿತ್ತು. ಲಾವಣಿ ಕೇಳಲು ಒಬ್ಬರು ಆಗಲೇ ಬಂದೂ ಹೋದರು. ಹೊರಗೇ ನಿಲ್ಲಿಸಿ, ನಮ್ಮ ಮನೆಯವರು ಇನ್ನೂ ಇದ್ದಾರೆ ಎಂದು ಹೇಳಿ ಕಳಿಸಿದೆ. ನಾನು ಬಾಯಿ ಬಿಟ್ಟದ್ದಕ್ಕೇ ಆ ಮನುಷ್ಯ ಬಂದದ್ದು ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ವಾರ ಹಗಲಿನ ಪಾಳಿ ನಮಗೆ ಬಂತು. ಶುರುವಾದದ್ದು ರವಿವಾರ, ನನಗೆ ರಜೆ. ಅವರು ಕರೆಯಲಿಲ್ಲ, ಆದರೂ ಹೋದೆ. ಹತ್ತಕ್ಕೆ ಕರೆಂಟ್ ಬಂದಿತು. ಈ ಸಲ ನಮ್ಮ ಕಡೆಯ ಪಂಪುಗಳಷ್ಟೇ ನಡೆದವು, ಕಾಕಾನ ಪಂಪು ಬಂದ್ ಇತ್ತು. ಬಿಸಿಲಿನಲ್ಲಿ ನೀರು ಸಾಲಿನೊಳಗೆ ಹರಿಯುವುದನ್ನು ನಮ್ಮ ಮನೆಯವರು ಸಲಿಕೆ ಹಿಡಿದು ನಿಂತು ನೋಡಿದರು. ಅವರು ತಮ್ಮ ಹೊಲದ ನೀರನ್ನು ಹಗಲು ಹೊತ್ತಿನಲ್ಲಿ ನೋಡಿಯೇ ಎಷ್ಟೋ ವರ್ಷವಾಗಿತ್ತು. ಎಲ್ಲಿ ಏರು, ಎಲ್ಲಿ ತಗ್ಗು, ಯಾವ ಸಾಲು ಕುಡಿಯುತ್ತದೆ, ಯಾವುದು ಉಗುಳುತ್ತದೆ ಎಂದು ಹೊಸ ಹೊಲ ಕೊಂಡವರ ಹಾಗೆ ಓಡಾಡಿದರು. ಮುಖ ಸ್ವಲ್ಪ ತಿಳಿಯಾಗಿತ್ತು. ನನಗೂ ಜೀವ ಬಂದಂತಾಯಿತು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಒಡ್ಡಿನ ಹತ್ತಿರದ ಸಾಲಿಗೆ ನೀರು ಬಿಟ್ಟರು. ಸಾಲು ತುಂಬಲೇ ಇಲ್ಲ. ಎಷ್ಟು ಬಿಟ್ಟರೂ ಅಷ್ಟೇ. ಅವರು ನೀರಿನ ಜೊತೆಗೇ ನಡೆಯುತ್ತ ಹೋಗಿ ಜಾಲಿ ಗಿಡದ ಬುಡದಲ್ಲಿ ನಿಂತರು. ಆಮೇಲೆ ಕೂತರು. ಏನಾಯಿತೆಂದು ನಾನು ಹೋಗಿ ನೋಡಿದೆ. ಬೇರಿನ ಸಂದಿಯಲ್ಲಿ ಹೆಗ್ಗಣದ ಬಿಲ, ಅದರೊಳಗೆ ನೀರು ಸುಳಿ ತಿರುಗಿ ಇಳಿಯುತ್ತಿತ್ತು. ಒಡ್ಡು ಹತ್ತಿ ಆ ಕಡೆ ಇಣುಕಿದೆ. ಕಾಕಾನ ಅರಿಶಿಣದ ಸಾಲಿನಲ್ಲಿ ಅದೇ ನೀರು ಬುಗ್ಗೆಯಂತೆ ಏಳುತ್ತಿತ್ತು. ಕಾಕಾನ ಪಂಪು ಬಂದ್ ಇತ್ತು, ಇದು ಯಾರ ನೀರೆಂದು ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಮ್ಮ ಮನೆಯವರು ಬಿಲದೊಳಗೆ ಮೊಳಕೈ ತನಕ ಕೈ ಇಳಿಸಿದರು, ಹೊರಗೆ ತೆಗೆದು ಮಣ್ಣು ಹತ್ತಿದ ಆ ಕೈಯನ್ನೇ ನೋಡಿದರು. ಎಂಟು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದೇ.

"ಕಾಕಾ ಖರೇನs ಹೇಳತಿದ್ರು."

ಪಂಪು ಬಂದ್ ಮಾಡಿ ಬಂದರು. ತೆನೆ ಹಿಡಿದ ಪೀಕು ನೀರಿಗೆ ಬಾಯಿ ಬಿಡುತ್ತಿರುವಾಗ ಪಾಳಿಯ ಕರೆಂಟನ್ನು ಬಿಟ್ಟು, ಕಲ್ಲು ಹೊತ್ತು ತಂದು ಬಿಲಕ್ಕೆ ಜಡಿದರು, ಹುಲ್ಲು ಕೂಡಿಸಿ ಮಣ್ಣು ತುಳಿದರು. ಹೊರುವಷ್ಟು ನಾನೂ ಹೊತ್ತೆ. ಆ ಕೆಲಸ ಮುಗಿಯುವ ಹೊತ್ತಿಗೆ ಆ ದಿನದ ಕರೆಂಟೂ ಮುಗಿದಿತ್ತು.

ಸಂಜೆ ಮೈ ತೊಳೆದುಕೊಂಡು ಬಂದವರು ಗೂಟಕ್ಕೆ ನೇತು ಹಾಕಿದ್ದ ಬ್ಯಾಟರಿ ತೆಗೆದರು. ಅದು ಅವರು ರಾತ್ರಿ ಹೊಲಕ್ಕೆ ಒಯ್ಯುತ್ತಿದ್ದದ್ದು, ಉದ್ದನೆಯದು, ಆಚೆ ದಂಡೆಯ ತನಕ ಬೆಳಕು ಚೆಲ್ಲುವಂಥದ್ದು. ಇನ್ನೂ ಹೊತ್ತು ಮುಳುಗಿಲ್ಲ, ಈಗ್ಯಾಕೆ ಎಂದೆ. ಕಾಕಾನ ಮನೆಗೆ ಹೋಗಿ ಬರೋಣ ನಡೆ ಎಂದರು.

ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಅವರಿಗೆ ಆಶ್ಚರ್ಯವಾಯಿತೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ. ಸರಿದು ಜಾಗ ಮಾಡಿದರು. ಕಾಕಿ ಒಳಗಿನಿಂದ ಇಣುಕಿ ನೋಡಿ ಚಹಾಕ್ಕೆ ಇಡಲು ಹೋದರು. ನಮ್ಮ ಮನೆಯವರು ಕೂರಲಿಲ್ಲ. ಬಿಲ ಸಿಕ್ಕಿದ್ದು, ನೀರು ತಮ್ಮದೇ ಎಂದು ಕಣ್ಣಾರೆ ಕಂಡದ್ದು, ಕಲ್ಲು ಜಡಿದದ್ದು ಎಲ್ಲವನ್ನೂ ನಿಂತೇ ಹೇಳಿದರು. ಸುಳ್ಳುಗಾರ ಎಂದದ್ದು ತಪ್ಪಾಯಿತು ಎಂದೂ ಹೇಳಿದರು. ಕಾಕಾ ಎಲ್ಲ ಕೇಳಿ, ಹೆಗ್ಗಣ ಕೊರೆದದ್ದಕ್ಕೆ ನಾವಿಬ್ಬರೂ ಮಾತು ಬಿಟ್ಟೆವಲ್ಲ ಎಂದು ತಲೆ ಕೊಡವಿದರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಮ್ಮ ಮನೆಯವರು ಇನ್ನೂ ನಿಂತೇ ಇದ್ದರು.

"ಕಾಕಾ, ಅವತ್ತ ಟಿಸಿ ಹಂತ್ಯಾಕ ಒಂದ ಮಾತ ಅಂದಿದ್ರಿ. ಹಗಲಿನ ಪಾಳಿ ಕೊಡತೇನಿ ಅಂತ. ನನಗ ಕತ್ತಲದಾಗ ಕಾಣೂದಿಲ್ರಿ. ಆ ಮಾತ ಇನ್ನೂ ಐತೇನ್ರಿ?"

ನಾನು ನೆಲ ನೋಡುತ್ತ ನಿಂತೆ. ಊಟಕ್ಕೆ ಕೂತಾಗ ಉಪ್ಪು ಕಡಿಮೆಯಾದರೂ ಕೇಳದೆ ಉಣ್ಣುವ ಮನುಷ್ಯ ಅವರು. ಇಷ್ಟು ವರ್ಷದಲ್ಲಿ ಯಾರನ್ನೂ ಏನನ್ನೂ ಕೇಳಿದ್ದು ನಾನು ಕಂಡಿರಲಿಲ್ಲ.

"ನಾ ಆಡಿದ ಮಾತ ನಾ ತಿರುಗಿ ತಗೊಂಡಿಲ್ಲ ತಮ್ಮಾ," ಎಂದರು ಕಾಕಾ. "ನೀನs ತಗೊಂಡಿರಲಿಲ್ಲ. ಕುಂದರು, ಚಾ ಕುಡಿ."

ಕೂತರು, ಚಹಾ ಕುಡಿದರು. ಈ ಸಲದ ಅರಿಶಿಣ, ಗೋವಿನಜೋಳದ ಹುಳ, ಮಾಳದ ತಕರಾರು ಮುಗಿದು ಉಳಿದರ್ಧ ಪ್ಲಾಂಟು ಎಂದಾದರೂ ಎದ್ದರೆ ಯಾರಿಗೂ ರಾತ್ರಿ ಪಾಳಿ ಬೇಕಿಲ್ಲ ಎಂಬ ಮಾತು, ಮೋಡ ಕವಿದ ದಿನ ಇದೂ ಕೈಕೊಡುತ್ತದೆ ಎಂಬ ಮಾತು, ಎಲ್ಲ ಬಂದವು. ಕಾಕಿ ನನ್ನನ್ನು ಒಳಗೆ ಕರೆದು, ಆರು ರಮಜಾನ್ ನಿನ್ನ ಪಾಲಿನದನ್ನು ನಾನೇ ತಿಂದು ಹೀಗೆ ದಪ್ಪಗಾದೆ ನೋಡು ಎಂದು ನಗಿಸಿದರು. ಏಳುವಾಗ ನಮ್ಮ ಮನೆಯವರು ಕೈಯಲ್ಲಿದ್ದ ಬ್ಯಾಟರಿಯನ್ನು ಹೊರಸಿನ ಮೇಲೆ ಇಟ್ಟರು. ಕಾಕಾನ ಮನೆಯಲ್ಲಿ ಬ್ಯಾಟರಿ ಇಲ್ಲದೆ ಇಲ್ಲ. ಆದರೂ ಅವರು ಬೇಡ ಎನ್ನಲಿಲ್ಲ. ಒಮ್ಮೆ ಹಚ್ಚಿ, ಆರಿಸಿ, ತಮ್ಮ ದಿಂಬಿನ ಬಾಜೂಕೆ ಇಟ್ಟುಕೊಂಡರು.

ಹೊರಗೆ ಬಂದಾಗ ಪೂರಾ ಕತ್ತಲಾಗಿತ್ತು. ಓಣಿಯ ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು, ಲಾವಣಿ ಕೇಳಲು ಬಂದಿದ್ದವನೂ ಅವರಲ್ಲಿದ್ದ. ನಾನು ರೂಢಿಯಂತೆ ಎರಡು ಹೆಜ್ಜೆ ಮುಂದಾಗಿ ಕೈ ಆಡಿಸಿದೆ. ಹಿಂದಿನಿಂದ ನನ್ನ ಹೆಗಲ ಮೇಲೆ ಅವರ ಕೈ ಬಂದು ಕೂತಿತು. ಕಟ್ಟೆಯ ಮಂದಿ ಮಾತು ನಿಲ್ಲಿಸಿ ನೋಡಿದರು. ಅವರು ಕೈ ತೆಗೆಯಲಿಲ್ಲ.

"ಸಾಕ ಮಾಡ ಆ ಬಳಿ ಬಾರಸೂದು," ಎಂದರು. "ಸಾವಕಾಶ ನಡಿ."